ಉಗಿ ಎಂಜಿನ್ನಿನ ಬಾಯ್ಲರ್ ರಿಪೇರಿ: ಸುತ್ತಿಗೆ ತಟ್ಟುವುದರಿಂದ ಮೊದಲ ಬೆಂಕಿಯವರೆಗೆ

ಉಗಿ ಎಂಜಿನ್ನಿನ ಬಾಯ್ಲರ್ ಒಳಗಿನಿಂದ ಹಾಳಾಗುತ್ತದೆ. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿರುತ್ತದೆ, ಹಿತ್ತಾಳೆ ಪಟ್ಟಿ ಮಿಂಚುತ್ತಿರುತ್ತದೆ. ಒಳಗೆ ನೀರು ನಿಲ್ಲುವ ಕಡೆ ಪ್ಲೇಟು ಸದ್ದಿಲ್ಲದೆ ಸವೆಯುತ್ತಿರುತ್ತದೆ. ಹಾಗಾಗಿ ರಿಪೇರಿಯ ಮುಕ್ಕಾಲು ಪಾಲು ಕೆಲಸ ಅಂದ್ರೆ, ಕಣ್ಣಿಗೆ ಬೀಳದ ಆ ಜಾಗವನ್ನ ಹೇಗಾದರೂ ಮಾಡಿ ನೋಡುವುದು. ಕತ್ತರಿಸುವುದು, ಬೆಸೆಯುವುದು ಎಲ್ಲ ಆಮೇಲಿನ ಮಾತು.

ಊಟಿಗೆ ಹೋದವರು ನೀಲಗಿರಿ ರೈಲು ನೋಡಿರುತ್ತೀರಿ. ಮೆಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಹಳಿಯ ಮೇಲೆ ಆ ರೈಲನ್ನ ಹಿಂದಿನಿಂದ ತಳ್ಳುವುದು ಎಕ್ಸ್ ಕ್ಲಾಸ್ ಉಗಿ ಎಂಜಿನ್. ಮೊದಲು ಇವು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಿಂದ ಬರುತ್ತಿದ್ದವು. ಈಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲೇ ಹೊಸದನ್ನ ಕಟ್ಟುತ್ತಾರೆ. 2021ರಲ್ಲಿ ಕಲ್ಲಿದ್ದಲು ಸುಡುವ ಹೊಸ ಎಂಜಿನ್ ಒಂದು ಅಲ್ಲಿಂದ ಹೊರಬಂತು. ಅಂದರೆ ಈ ಕೆಲಸ ಮುಗಿದುಹೋಗಿಲ್ಲ. ಕಲಿಯಬೇಕು ಅನ್ನುವ ಹುಡುಗರಿದ್ದಾರೆ. ಅವರಿಗಾಗಿ, ಮತ್ತೆ ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಎಂಜಿನ್ ಎದುರು ನಿಂತು "ಇದರೊಳಗೆ ಏನಿದೆ?" ಅಂತ ಯೋಚಿಸುವವರಿಗಾಗಿ ಇದನ್ನ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನ ಓದಿಕೊಂಡು ಒಬ್ಬರೇ ಬಾಯ್ಲರ್ ಮುಟ್ಟಬೇಡಿ. ಒತ್ತಡದ ಪಾತ್ರೆಯ ರಿಪೇರಿಗೆ ಬಾಯ್ಲರ್ ಇನ್‌ಸ್ಪೆಕ್ಟರ್ ಒಪ್ಪಿಗೆ ಬೇಕೇ ಬೇಕು. ಅವರನ್ನ ಕೊನೆಯ ದಿನ ಸಹಿ ಹಾಕಲು ಮಾತ್ರ ಕರೆಯಬೇಡಿ. ಬಿಚ್ಚಿಹಾಕಿದ ದಿನವೇ ಕರೆಸಿ ತೋರಿಸಿ.

ಒಳಗೆ ಏನಿದೆ

ಲೋಕೋ ಬಾಯ್ಲರ್ ಅಂದರೆ ಒಂದು ಉದ್ದನೆಯ ಪೀಪಾಯಿ, ಅದರ ಹಿಂದೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ. ಒಳಗಿನದು ಬೆಂಕಿ ಉರಿಯುವ ಫೈರ್‌ಬಾಕ್ಸ್. ಎರಡು ಪೆಟ್ಟಿಗೆಗಳ ನಡುವಿನ ಸಂದಿನಲ್ಲಿ ನೀರು. ತಳದಲ್ಲಿ ಎರಡನ್ನೂ ಸೇರಿಸುವ ದಪ್ಪ ಚೌಕಟ್ಟಿಗೆ ಫೌಂಡೇಶನ್ ರಿಂಗ್ ಅನ್ನುತ್ತಾರೆ. ಬೆಂಕಿಯ ಬಿಸಿ ಗಾಳಿ ಪೀಪಾಯಿಯೊಳಗಿನ ಟ್ಯೂಬುಗಳಲ್ಲಿ ಹಾದು ಮುಂದಿನ ಸ್ಮೋಕ್‌ಬಾಕ್ಸಿಗೆ ಹೋಗುತ್ತದೆ. ಟ್ಯೂಬುಗಳ ಸುತ್ತಲೂ ನೀರು. ಫೈರ್‌ಬಾಕ್ಸಿನ ಚಾವಣಿಗೆ ಕ್ರೌನ್ ಶೀಟ್ ಅಂತ ಹೆಸರು. ಅದರ ಮೇಲೆ ಯಾವಾಗಲೂ ನೀರಿರಬೇಕು. ಈ ಕೊನೆಯ ಮಾತನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹಳೆಯ ಬ್ರಿಟಿಷ್ ಎಂಜಿನ್ನುಗಳಲ್ಲಿ ಒಳಗಿನ ಫೈರ್‌ಬಾಕ್ಸ್ ತಾಮ್ರದ್ದು. ಅಮೆರಿಕದ ರೀತಿಯವುಗಳಲ್ಲಿ ಉಕ್ಕಿನದು. ರಿಪೇರಿ ವಿಧಾನ ಅದರ ಮೇಲೆ ಬದಲಾಗುತ್ತದೆ, ಹಾಗಾಗಿ ಮೊದಲು ಅದನ್ನ ತಿಳಿದುಕೊಳ್ಳಿ. ಲೆಕ್ಕಕ್ಕೆ ನಮ್ಮ ಮೀಟರ್‌ಗೇಜಿನ ವೈಪಿ ಎಂಜಿನ್ನನ್ನ ಇಟ್ಟುಕೊಳ್ಳೋಣ. ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 14.8 ಕೆ.ಜಿ. ಬ್ರಾಡ್‌ಗೇಜಿನ ಡಬ್ಲ್ಯೂಪಿಯದೂ ಅಷ್ಟೇ. ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ.

ಬೆಂಕಿ ಆರಿದ ಮೇಲೆ ಆತುರ ಬೇಡ

ಬೆಂಕಿ ತೆಗೆದ ಮೇಲೆ ಬಾಯ್ಲರನ್ನ ತಾನಾಗಿಯೇ ತಣ್ಣಗಾಗಲು ಬಿಡಿ. ಒಂದು ದಿನ, ದೊಡ್ಡದಾದರೆ ಎರಡು ದಿನ. ಬಿಸಿ ಇರುವಾಗಲೇ ನೀರು ಬಿಟ್ಟುಬಿಟ್ಟರೆ ಒಳಗಿನ ಕೆಸರು ಬಿಸಿ ಪ್ಲೇಟಿಗೆ ಅಂಟಿ ಸುಟ್ಟು ಗಟ್ಟಿಯಾಗುತ್ತದೆ. ತಳ ಹಿಡಿದ ಅನ್ನದ ಪಾತ್ರೆ ತಿಕ್ಕಿದವರಿಗೆ ಗೊತ್ತು ಅದರ ಕಷ್ಟ. ಬಿಸಿ ಪ್ಲೇಟಿನ ಮೇಲೆ ತಣ್ಣೀರು ಹೊಯ್ದರಂತೂ ಬಿರುಕು ನೀವೇ ಕರೆದು ತಂದ ಹಾಗೆ.

ತಣ್ಣಗಾದ ಮೇಲೆ ಹೊರಗಿನ ಹೊದಿಕೆ ತೆಗೆಯಬೇಕು. ಇಲ್ಲಿ ಎಚ್ಚರ. ಹಳೆಯ ಬಾಯ್ಲರುಗಳಿಗೆ ಬಿಸಿ ಹೊರಹೋಗದಿರಲಿ ಅಂತ ಆಸ್ಬೆಸ್ಟಾಸ್ ಸುತ್ತಿರುತ್ತಾರೆ. ಬಿಳಿ ಪುಡಿ ಕಂಡರೆ ಕೈ ಹಾಕಬೇಡಿ, ಪೊರಕೆಯಲ್ಲಿ ಗುಡಿಸಬೇಡಿ. ಪರೀಕ್ಷೆ ಮಾಡಿಸಿ, ತಿಳಿದವರಿಂದಲೇ ತೆಗೆಸಿ.

ಬಾಯ್ಲರಿನೊಳಗೆ ಇಳಿಯುವ ಮುಂಚೆ ಗಾಳಿ ಪರೀಕ್ಷೆ ಮಾಡಿ. ತುಕ್ಕು ಹಿಡಿಯುವಾಗ ಕಬ್ಬಿಣ ಆಮ್ಲಜನಕವನ್ನ ಹೀರಿಕೊಳ್ಳುತ್ತದೆ. ಮುಚ್ಚಿಟ್ಟ ಬಾಯ್ಲರಿನಲ್ಲಿ ಉಸಿರಾಡಲು ಗಾಳಿಯೇ ಇಲ್ಲದಿರಬಹುದು. ದೀಪ 24 ವೋಲ್ಟಿನದಿರಲಿ. ಹೊರಗೆ ಒಬ್ಬರು ಕಾಯುತ್ತಿರಲಿ, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ.

ತೊಳೆಯುವಾಗಲೇ ಓದಲು ಶುರು ಮಾಡಿ

ವಾಶೌಟ್ ಪ್ಲಗ್ಗುಗಳು, ಮಡ್ ಡೋರುಗಳು, ಅಂದರೆ ಒಳಗೆ ತೊಳೆಯಲು ಇಟ್ಟಿರುವ ರಂಧ್ರಗಳ ಮುಚ್ಚಳಗಳು, ಎಲ್ಲ ಬಿಚ್ಚಿ. ಒಂದೊಂದಕ್ಕೂ ನಂಬರ್ ಹೊಡೆಯಿರಿ. ಯಾವ ರಂಧ್ರದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ ವಾಪಸ್ ಹಾಕುವಾಗ ಥ್ರೆಡ್ಡು ಕೆಡುತ್ತದೆ. ಮೇಲಿನಿಂದ ಕೆಳಗೆ ಜೋರು ನೀರಿನ ಪೈಪಿನಲ್ಲಿ ತೊಳೆಯಿರಿ, ಸಿಕ್ಕಿಕೊಂಡ ಚಕ್ಕೆಗಳನ್ನ ಸರಳಿನಿಂದ ಕೆದಕಿ.

ಹೊರಬಂದದ್ದನ್ನ ಹಾಗೇ ಚರಂಡಿಗೆ ಬಿಡಬೇಡಿ, ಬಕೆಟ್ಟಿನಲ್ಲಿ ಹಿಡಿಯಿರಿ. ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿದರೆ ಸಿಗುತ್ತಲ್ಲ, ಅದೇ ಬಿಳಿ ಸುಣ್ಣದ ಚಕ್ಕೆ ಬಂದರೆ ನೀರು ಗಡಸು ಅಂತ ಅರ್ಥ. ಕೆಂಪು ಪುಡಿ ಜಾಸ್ತಿ ಇದ್ದರೆ ಪ್ಲೇಟೇ ಕರಗಿ ಬರುತ್ತಿದೆ. ಚಕ್ಕೆಯ ದಪ್ಪ ಅಳೆದು ಬರೆದಿಡಿ. ಸುಣ್ಣದ ಪದರ ಶಾಖವನ್ನ ದಾಟಿಸುವುದಿಲ್ಲ. ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ಸುಣ್ಣ ಕೂತರೆ ಪ್ಲೇಟು ಸುಡುತ್ತದೆ.

ತಟ್ಟಿ ಕೇಳುವುದು, ಅಳೆದು ಬರೆಯುವುದು

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹುಬ್ಬಳ್ಳಿ ಕಡೆಯವರು. ನಾವೆಲ್ಲ ಅವರನ್ನ ಕಾಕಾ ಅನ್ನುತ್ತಿದ್ದೆವು. ಮೊದಲ ದಿನ ನನ್ನನ್ನ ಫೈರ್‌ಬಾಕ್ಸಿನೊಳಗೆ ಕೂರಿಸಿ, ಕೈಗೆ ಪುಟ್ಟ ಸುತ್ತಿಗೆ ಕೊಟ್ಟು, ದೀಪ ಆರಿಸಿಬಿಟ್ಟರು. "ತಮ್ಮಾ, ಈಗ ಹೊಡಿ. ಕಣ್ಣಿನ ಕೆಲಸ ಆಮ್ಯಾಲೆ" ಅಂದರು. ಒಳಪೆಟ್ಟಿಗೆಯನ್ನ ಹೊರಪೆಟ್ಟಿಗೆಗೆ ಹಿಡಿದಿಡುವ ಸರಳಿಗೆ ಸ್ಟೇ ಅನ್ನುತ್ತಾರೆ. ನಾನು ಒಂದೊಂದೇ ಸ್ಟೇ ತಲೆಗೆ ತಟ್ಟುತ್ತಾ ಹೋದೆ. ಟಣ್, ಟಣ್, ಟಣ್. ನಾಲ್ಕನೇ ಸಾಲಿನಲ್ಲಿ ಒಂದು ಕಡೆ "ಟಪ್" ಅಂತು. ಸುತ್ತಿಗೆ ಕೂಡ ಮೇಲೆ ಚಿಮ್ಮಲಿಲ್ಲ, ಸುಮ್ನೆ ಅಲ್ಲೇ ಕೂತ ಹಾಗಾಯಿತು. ಕಾಕಾ ಹೊರಗಿನಿಂದಲೇ "ಅದಕ್ಕ ಸೀಮೆಸುಣ್ಣ ಹಚ್ಚು" ಅಂದರು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವವರ ಕಿವಿ ಅದು.

ಸ್ಟೇ ಮುರಿದಿದ್ದರೂ ಎರಡು ತುಂಡುಗಳು ಒತ್ತಿಕೊಂಡೇ ಇದ್ದರೆ ಸದ್ದು ಮೋಸ ಮಾಡಬಹುದು. ಅದಕ್ಕೇ ಬಾಯ್ಲರಿನಲ್ಲಿ ನೀರು ತುಂಬಿ ಸ್ವಲ್ಪ ಒತ್ತಡ ಕೊಟ್ಟು ಇನ್ನೊಮ್ಮೆ ತಟ್ಟಿ. ಒತ್ತಡಕ್ಕೆ ತುಂಡುಗಳು ದೂರ ಸರಿಯುತ್ತವೆ, ಸದ್ದಿನ ಫರಕು ಚೆನ್ನಾಗಿ ಗೊತ್ತಾಗುತ್ತದೆ.

ಕಿವಿಯ ಜೊತೆಗೆ ಈಗ ಅಲ್ಟ್ರಾಸಾನಿಕ್ ಮೀಟರ್ ಇದೆ. ಪ್ಲೇಟಿನ ಒಂದೇ ಕಡೆಯಿಂದ ದಪ್ಪ ಅಳೆಯುತ್ತದೆ. ಬಾಯ್ಲರಿನ ಮೇಲೆಲ್ಲ ಸೀಮೆಸುಣ್ಣದಲ್ಲಿ ಚೌಕ ಎಳೆಯಿರಿ, ಒಂದು ಅಡಿಗಿಂತ ದೊಡ್ಡದು ಬೇಡ. ಪ್ರತಿ ಚೌಕದಲ್ಲೂ ಅಳೆದು, ಅದೇ ಆಕಾರದ ಹಾಳೆಯ ಮೇಲೆ ಅಂಕಿ ಬರೆಯಿರಿ. ಕಡಿಮೆ ಬಂದ ಕಡೆ ಇನ್ನೂ ಹತ್ತಿರ ಹತ್ತಿರ ಅಳೆಯಿರಿ. ಪೀಪಾಯಿಯ ತಳಭಾಗ, ನೀರು ಒಳಬರುವ ಕ್ಲ್ಯಾಕ್ ವಾಲ್ವಿನ ಕೆಳಗೆ, ಫೌಂಡೇಶನ್ ರಿಂಗಿನ ಮೇಲಿನ ಒಂದೆರಡು ಇಂಚು, ಈ ಮೂರೂ ಜಾಗ ಬಿಡಲೇಬೇಡಿ. ಕೆಸರು ಕೂರುವುದು ಅಲ್ಲೇ, ಗುಳಿ ಬೀಳುವುದೂ ಅಲ್ಲೇ. ಪ್ಲೇಟು ಬಾಗಿರುವ ಕಡೆ ಉಗುರಿನಲ್ಲಿ ಗೀರಿದಂಥ ತೋಡು ಇರುತ್ತದೆ. ಮೀಟರಿಗೆ ಅದು ಸಿಗದೆ ಹೋಗಬಹುದು. ದೀಪವನ್ನ ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳಿನಲ್ಲಿ ಕಾಣುತ್ತದೆ.

ಈ ಅಂಕಿಗಳ ಮೇಲೆ ಇನ್‌ಸ್ಪೆಕ್ಟರ್ ಲೆಕ್ಕ ಹಾಕುತ್ತಾರೆ. ಅಮೆರಿಕದ ನಿಯಮದಲ್ಲಿ ಬಾಯ್ಲರ್ ತನ್ನ ಕೆಲಸದ ಒತ್ತಡದ ನಾಲ್ಕು ಪಟ್ಟು ತಾಳುವಷ್ಟು ಗಟ್ಟಿ ಇರಬೇಕು. ಅಷ್ಟು ಬರದಿದ್ದರೆ ಎರಡೇ ದಾರಿ: ಪ್ಲೇಟು ಬದಲಿಸಿ, ಇಲ್ಲ ಒತ್ತಡ ಇಳಿಸಿ.

ಟ್ಯೂಬ್ ತೆಗೆಯುವುದು

ಟ್ಯೂಬುಗಳಿದ್ದರೆ ಪೀಪಾಯಿಯ ಒಳಗೆ ನೋಡಲಾಗುವುದಿಲ್ಲ. ಅದಕ್ಕೇ ಕೆಲವು ವರ್ಷಕ್ಕೊಮ್ಮೆ ಎಲ್ಲ ಟ್ಯೂಬುಗಳನ್ನೂ ತೆಗೆಯಬೇಕು. ಬ್ರಿಟನ್ನಿನ ಹೆರಿಟೇಜ್ ರೈಲುಗಳಲ್ಲಿ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ. ಅಮೆರಿಕದಲ್ಲಿ 1,472 ದಿನಗಳ ಓಡಾಟ, ಇಲ್ಲವೇ 15 ವರ್ಷ, ಯಾವುದು ಮೊದಲೋ ಅದು.

ಫೈರ್‌ಬಾಕ್ಸ್ ಕಡೆ ಟ್ಯೂಬಿನ ತುದಿಯನ್ನ ಮಡಚಿ ಕೂರಿಸಿರುತ್ತಾರೆ. ಆ ಮಡಿಕೆಯನ್ನ ಉಳಿಯಿಂದ ಕೆತ್ತಿ. ಉಳಿ ಟ್ಯೂಬಿಗೆ ತಾಗಲಿ, ಟ್ಯೂಬುಗಳ ತುದಿ ಕೂರುವ ರಂಧ್ರಗಳಿರುವ ಟ್ಯೂಬ್ ಪ್ಲೇಟಿಗೆ ಬೇಡ. ಪ್ಲೇಟಿನ ರಂಧ್ರದ ಮೇಲೆ ಒಂದು ಗೀರು ಬಿದ್ದರೂ ಮುಂದೆ ಅದೇ ಸೋರುವ ದಾರಿ. ನಂತರ ತುದಿಯನ್ನ ಒಳಕ್ಕೆ ಮಡಚಿ ಸಡಿಲ ಮಾಡಿ, ಸ್ಮೋಕ್‌ಬಾಕ್ಸ್ ಕಡೆಗೆ ಬಡಿದು ತಳ್ಳಿ. ಮುಂದಿನ ರಂಧ್ರಗಳು ಸ್ವಲ್ಪ ದೊಡ್ಡದಿರುವುದು ಇದಕ್ಕೇ, ಮೈಮೇಲೆ ಸುಣ್ಣ ಕಟ್ಟಿದ ಟ್ಯೂಬು ಹೊರಬರಲಿ ಅಂತ.

ಸ್ಟೇ ಬದಲಿಸುವುದು

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಫೈರ್‌ಬಾಕ್ಸಿನ ಗೋಡೆ ಚಪ್ಪಟೆ. ಚಪ್ಪಟೆ ಗೋಡೆ ಒತ್ತಡಕ್ಕೆ ಉಬ್ಬುತ್ತದೆ. ಉಬ್ಬದಿರಲಿ ಅಂತ ಒಳಪೆಟ್ಟಿಗೆ ಹೊರಪೆಟ್ಟಿಗೆ ಎರಡನ್ನೂ ನೂರಾರು ಸರಳುಗಳಿಂದ ಹಿಡಿದಿರುತ್ತಾರೆ. ಅವೇ ಸ್ಟೇಗಳು. ಸ್ಟೇಯಿಂದ ಸ್ಟೇಗೆ 10 ಸೆಂ.ಮೀ. ಅಂತರ ಅಂದುಕೊಳ್ಳಿ. ಒಂದೊಂದು ಸ್ಟೇ ಪಾಲಿಗೆ 100 ಚದರ ಸೆಂ.ಮೀ. ಗೋಡೆ. ಗುಣಿಸು 14.8. ಹೆಬ್ಬೆರಳು ದಪ್ಪದ ಒಂದು ಸರಳು ಹಗಲಿಡೀ ಸುಮಾರು ಒಂದೂವರೆ ಟನ್ ಎಳೆತ ತಡೆಯುತ್ತಿರುತ್ತದೆ. ಅದು ಮುರಿದರೆ ಆ ಭಾರ ಅಕ್ಕಪಕ್ಕದವುಗಳಿಗೆ ಹಂಚಿಹೋಗುತ್ತದೆ. ಹಾಗಾಗಿ ಒಂದು ಮುರಿದದ್ದು ಸಿಕ್ಕರೆ ಸುತ್ತಲಿನವನ್ನೂ ಅನುಮಾನದಿಂದಲೇ ನೋಡಿ.

ಸ್ಟೇ ಹೆಚ್ಚಾಗಿ ಮುರಿಯುವುದು ಫೈರ್‌ಬಾಕ್ಸಿನ ಮೇಲಿನ ಮೂಲೆಗಳಲ್ಲಿ, ಹೊರ ಪ್ಲೇಟಿನ ಕಡೆಯ ತುದಿಯಲ್ಲಿ. ಒಳಪೆಟ್ಟಿಗೆ ಬೆಂಕಿಗೆ ಜಾಸ್ತಿ ಹಿಗ್ಗುತ್ತದೆ, ಹೊರಗಿನದು ಕಡಿಮೆ. ಪ್ರತಿ ಸಲ ಬೆಂಕಿ ಹಾಕಿದಾಗಲೂ ಸ್ಟೇ ಒಂದಿಷ್ಟು ಬಾಗುತ್ತದೆ. ತಂತಿಯನ್ನ ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ತುಂಡಾಗುತ್ತದೆ, ಅಲ್ವಾ? ಇದೂ ಹಾಗೇ. ಒಳ್ಳೆಯ ಸ್ಟೇಗಳ ತುದಿಯಲ್ಲಿ 5 ಮಿ.ಮೀ. ಆಸುಪಾಸಿನ ಪುಟ್ಟ ರಂಧ್ರ ಕೊರೆದಿರುತ್ತಾರೆ. ಮುರಿದರೆ ಅಲ್ಲಿಂದ ಉಗಿ ಹೊರಬಂದು ಹೇಳುತ್ತದೆ. ಸೋರಿಕೆ ನಿಲ್ಲಿಸಲು ಆ ರಂಧ್ರ ಮುಚ್ಚುವವರನ್ನ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಕೂಗುವ ಮಗುವಿನ ಬಾಯಿ ಮುಚ್ಚಿದ ಹಾಗೆ.

ಹಳೆಯ ಸ್ಟೇ ತೆಗೆಯಲು ತಲೆಯ ನಡುಮಧ್ಯ ಪಂಚ್ ಹೊಡೆದು, ಥ್ರೆಡ್ಡಿಗಿಂತ ಸ್ವಲ್ಪ ಸಣ್ಣ ಡ್ರಿಲ್ಲಿನಿಂದ ಕೊರೆಯಿರಿ. ಉಳಿದ ತೆಳು ಸಿಪ್ಪೆಯನ್ನ ಒಳಕ್ಕೆ ಮುದುಡಿ ಕಿತ್ತುಹಾಕಿ. ನಂತರ ಥ್ರೆಡ್ ಕೊರೆಯುವ ಉದ್ದನೆಯ ಟ್ಯಾಪಿನಿಂದ ಎರಡೂ ಪ್ಲೇಟುಗಳಿಗೆ ಒಂದೇ ಓಟದಲ್ಲಿ ಥ್ರೆಡ್ ಹಾಕಿ. ಒಂದೊಂದಕ್ಕೆ ಬೇರೆ ಬೇರೆ ಹಾಕಿದರೆ ಥ್ರೆಡ್ಡಿನ ಹೆಜ್ಜೆ ತಪ್ಪುತ್ತದೆ, ಸ್ಟೇ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಸರಿಯಾಗಿ ಹೋಗುವುದಿಲ್ಲ. ಹೊಸ ಸ್ಟೇ ಕೈಗೆ ಬಿಗಿಯಾಗಿ ತಿರುಗಬೇಕು. ಅಲ್ಲಾಡಿದರೆ ಒಂದು ಸೈಜು ದೊಡ್ಡದು ಮಾಡಿ. ತುದಿಯಲ್ಲಿ ಒಂದೆರಡು ಸುತ್ತು ಥ್ರೆಡ್ ಹೊರಗೆ ಉಳಿಸಿ, ಆಚೆ ಕಡೆ ಒಬ್ಬರು ಡಾಲಿ, ಅಂದರೆ ಏಟಿಗೆ ಆನಿಸಿ ಹಿಡಿಯುವ ಭಾರದ ಕಬ್ಬಿಣದ ಗಟ್ಟಿ, ಹಿಡಿದಿರುವಾಗ ಈಚೆಯಿಂದ ಬಡಿದು ತಲೆ ಮಾಡಿ. ಸಣ್ಣ ಸಣ್ಣ ಏಟು, ಸುತ್ತಲೂ. ಒಂದೇ ದೊಡ್ಡ ಏಟಿಗೆ ಥ್ರೆಡ್ ಸಡಿಲವಾಗುತ್ತದೆ.

ಪ್ಲೇಟಿಗೆ ತೇಪೆ

ಸವೆದ ಭಾಗ ಕತ್ತರಿಸಿ ಹೊಸ ತುಂಡು ಬೆಸೆಯಬೇಕಾದರೆ, ಮೊದಲು ಹಳೆಯ ಉಕ್ಕಿನ ಚೂರನ್ನ ಲ್ಯಾಬಿಗೆ ಕಳಿಸಿ. ಹಳೆಯ ಕಾಲದ ಉಕ್ಕಿನಲ್ಲಿ ಗಂಧಕ, ರಂಜಕ ಜಾಸ್ತಿ ಇರಬಹುದು, ವೆಲ್ಡಿಂಗ್ ಪಕ್ಕದಲ್ಲೇ ಸೀಳುತ್ತದೆ. ತೇಪೆಯ ಮೂಲೆಗಳು ದುಂಡಗಿರಲಿ. ಬೆಸುಗೆಯ ಗೆರೆ ಸ್ಟೇ ಸಾಲುಗಳ ನಡುವೆ ಬರಲಿ, ಅಲ್ಲಿ ಎರಡೂ ಕಡೆಯಿಂದ ಆಸರೆ ಇರುತ್ತದೆ. ಸ್ಟೇಗಳಿಲ್ಲದ ಪೀಪಾಯಿಯ ಮೇಲೆ ಇನ್‌ಸ್ಪೆಕ್ಟರ್ ಲಿಖಿತ ಒಪ್ಪಿಗೆ ಇಲ್ಲದೆ ವೆಲ್ಡಿಂಗ್ ರಾಡ್ ಮುಟ್ಟಿಸಲೂಬೇಡಿ. ತಾಮ್ರದ ಫೈರ್‌ಬಾಕ್ಸಿನ ಬೆಸುಗೆ ಬೇರೆಯೇ ವಿದ್ಯೆ. ಅದನ್ನ ಮಾಡಿ ಪಳಗಿದವರಿಗೇ ಬಿಡಿ.

ಹೊಸ ಟ್ಯೂಬ್ ಕೂರಿಸುವುದು

ರಂಧ್ರ ಒರೆಸಿ ಬೆಳ್ಳಗೆ ಮಾಡಿ. ಟ್ಯೂಬಿನ ತುದಿಯನ್ನೂ ಉಜ್ಜಿ. ಎಕ್ಸ್‌ಪ್ಯಾಂಡರ್ ಹಾಕಿ ತಿರುಗಿಸಿದರೆ ಅದರ ರೋಲರುಗಳು ಟ್ಯೂಬನ್ನ ಹಿಗ್ಗಿಸಿ ರಂಧ್ರಕ್ಕೆ ಒತ್ತುತ್ತವೆ. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಇಲ್ಲೊಂದು, ಎದುರು ಮೂಲೆಯಲ್ಲೊಂದು, ಹೀಗೆ ಚದುರಿಸಿ ಮಾಡಿ. ಇಲ್ಲದಿದ್ದರೆ ಪ್ಲೇಟು ಒಂದೇ ಕಡೆಗೆ ಎಳೆದುಕೊಳ್ಳುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ಒಮ್ಮೆ ನನ್ನ ಕೈಯಲ್ಲಿ ಒಂದು ಟ್ಯೂಬು ಹನಿ ಹನಿ ಸೋರುತ್ತಿತ್ತು. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ತಿರುಗಿಸುತ್ತಲೇ ಹೋದೆ. ಅದು ನಿಂತಿತು, ಪಕ್ಕದ ಎರಡು ಶುರುವಾದವು. ಅವನ್ನ ಬಿಗಿ ಮಾಡಿದೆ, ಮೊದಲನೆಯದು ಮತ್ತೆ ಸೋರಿತು. ರಂಧ್ರಗಳ ನಡುವಿನ ತೆಳು ಸೇತುವೆಯನ್ನ ನಾನೇ ಹಿಂಡಿ ಹಾಳು ಮಾಡಿದ್ದೆ. ಮೂರೂ ಟ್ಯೂಬ್ ತೆಗೆದು ರಂಧ್ರ ಸರಿಮಾಡಲು ನಾಲ್ಕು ದಿನ ಹಿಡಿಯಿತು. ಅಂದಿನಿಂದ ನನ್ನ ಕ್ರಮ ಹೀಗೆ: ಹಿಡಿಯ ಬಿಗಿ ಒಮ್ಮೆಲೇ ಏರಿದ ಜಾಗದಲ್ಲಿ ನಿಲ್ಲಿಸುತ್ತೇನೆ. ಸೋರಿದರೆ ಮೊದಲು ಸ್ವಚ್ಛ ಇದೆಯಾ ಅಂತ ನೋಡುತ್ತೇನೆ. ಕೊನೆಯಲ್ಲಿ ಫೈರ್‌ಬಾಕ್ಸ್ ಕಡೆಯ ತುದಿಯನ್ನ ಮಡಚಿ ಕೂರಿಸಿದರೆ ಬೆಂಕಿಗೆ ತುದಿ ಸುಡುವುದಿಲ್ಲ.

ನೀರಿನ ಮಟ್ಟ ತೋರಿಸುವ ಗಾಜು

ಸಣ್ಣ ಸಾಮಾನು ಅಂತ ಇದನ್ನ ಕೊನೆಗೆ ತಳ್ಳುವವರೇ ಜಾಸ್ತಿ. 1995ರ ಜೂನ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೆಟ್ಟಿಸ್‌ಬರ್ಗ್ ರೈಲಿನ 1278 ನಂಬರಿನ ಎಂಜಿನ್ನಿನ ಕ್ರೌನ್ ಶೀಟ್ ಓಡುತ್ತಿರುವಾಗಲೇ ಹರಿದುಹೋಯಿತು. ಪ್ರವಾಸಿಗಳನ್ನ ಕೂರಿಸಿಕೊಂಡು ಹೋಗುತ್ತಿದ್ದ ರೈಲು. ಕ್ಯಾಬಿನಲ್ಲಿದ್ದ ಮೂವರೂ ಸುಟ್ಟುಕೊಂಡರು. ತನಿಖೆಯಲ್ಲಿ ಕಂಡದ್ದು: ಕ್ರೌನ್ ಶೀಟಿನ ಮೇಲೆ ನೀರು ಕಡಿಮೆಯಾಗಿತ್ತು, ಮಟ್ಟ ತೋರಿಸಬೇಕಾದ ಗಾಜಿನ ದಾರಿ ಸುಣ್ಣ ಕಟ್ಟಿ ಮುಚ್ಚಿಕೊಂಡಿತ್ತು. ಅಮೆರಿಕದ ಈಗಿನ ಬಿಗಿ ನಿಯಮಗಳು ಇದಾದ ಮೇಲೆ ಬಂದವು.

ಹಾಗಾಗಿ ಈ ಗಾಜಿನ, ಅಂದರೆ ಗೇಜ್ ಗ್ಲಾಸಿನ, ಮೇಲಿನ, ಕೆಳಗಿನ ಕಾಕುಗಳನ್ನ (ತಿರುಗಿಸಿ ಮುಚ್ಚುವ ನಲ್ಲಿಗಳನ್ನ) ಪೂರ್ತಿ ಬಿಚ್ಚಿ. ಒಳದಾರಿಯಲ್ಲಿ ಸರಿಯಾದ ಅಳತೆಯ ಡ್ರಿಲ್ಲನ್ನ ಕೈಯಲ್ಲೇ ತಿರುಗಿಸುತ್ತಾ ಬಾಯ್ಲರಿನೊಳಕ್ಕೆ ತಲುಪುವವರೆಗೂ ಹಾಯಿಸಿ. ಟಾರ್ಚ್ ಹಾಕಿದರೆ ಆಚೆ ಬೆಳಕು ಕಾಣಬೇಕು. ಎರಡು ಗಾಜುಗಳಿದ್ದರೆ ಎರಡನ್ನೂ.

ಕ್ರೌನ್ ಶೀಟಿನ ಲೆಡ್ ಪ್ಲಗ್ಗುಗಳನ್ನ, ಅಂದರೆ ಸೀಸ ತುಂಬಿದ ಬಿರಡೆಗಳನ್ನ, ಹೊಸದಾಗಿ ಹಾಕಿ. ಸೀಸ ಕರಗುವುದು 327 ಡಿಗ್ರಿಗೆ. ಮೇಲೆ 200 ಡಿಗ್ರಿಯ ನೀರಿರುವವರೆಗೂ ಅದು ಗಟ್ಟಿಯಾಗೇ ಇರುತ್ತದೆ. ನೀರು ಇಳಿದರೆ ಕರಗಿ, ಉಗಿ ಬೆಂಕಿಯ ಮೇಲೆ ಸುರಿದು ಎಚ್ಚರಿಸುತ್ತದೆ. ಪ್ಲಗ್ಗಿನ ಮೇಲೆ ಸುಣ್ಣ ಕೂತಿದ್ದರೆ ಆ ಕೆಲಸ ಆಗುವುದಿಲ್ಲ.

ನೀರಿನ ಪರೀಕ್ಷೆ

ಮೊದಲ ಪರೀಕ್ಷೆಗೆ ಉಗಿ ಬಳಸುವುದಿಲ್ಲ, ನೀರು ಬಳಸುತ್ತೇವೆ. ನೀರನ್ನ ಅಮುಕಿದರೂ ಕುಗ್ಗುವುದಿಲ್ಲ, ಹಾಗಾಗಿ ಏನಾದರೂ ಬಿರಿದರೆ ಒಂದಿಷ್ಟು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಉಳಿದಿದ್ದರೆ ಮಾತ್ರ ಅಪಾಯ. ಅದಕ್ಕೇ ಅತಿ ಎತ್ತರದ ರಂಧ್ರದಿಂದ ಗುಳ್ಳೆಯಿಲ್ಲದೆ ನೀರು ಬರುವವರೆಗೂ ತುಂಬಿ. ನೀರು ಉಗುರುಬೆಚ್ಚಗಿರಲಿ. ಬ್ರಿಟನ್ನಿನಲ್ಲಿ ದೊಡ್ಡ ರಿಪೇರಿಯ ನಂತರ ಕೆಲಸದ ಒತ್ತಡದ ಒಂದೂವರೆ ಪಟ್ಟು ಕೊಡುವುದು ವಾಡಿಕೆ. ವೈಪಿಗೆ ಆ ಲೆಕ್ಕದಲ್ಲಿ 22.2 ಕೆ.ಜಿ. ಅಮೆರಿಕದಲ್ಲಿ ಶೇ. 25 ಹೆಚ್ಚು, ಅಂದರೆ 18.5 ಕೆ.ಜಿ. ನಿಮ್ಮ ಬಾಯ್ಲರಿಗೆ ಎಷ್ಟು ಅನ್ನುವುದು ಇನ್‌ಸ್ಪೆಕ್ಟರ್ ಮಾತು.

ಪಂಪನ್ನ ನಿಧಾನ ಹೊಡೆಯಿರಿ. ನಡುನಡುವೆ ನಿಲ್ಲಿಸಿ ಸುತ್ತ ನೋಡಿ. ಟ್ಯೂಬಿನ ಬುಡದಲ್ಲಿ ಒಂದು ಹನಿ ಬೆವರಿದರೆ ಗಾಬರಿ ಬೇಡ, ಗುರುತು ಹಾಕಿ. ಪ್ಲೇಟಿನ ಮೈಯಲ್ಲೇ ಬೆವರು ಕಂಡರೆ ಅಲ್ಲಿಗೇ ನಿಲ್ಲಿಸಿ.

ಮೊದಲ ಬೆಂಕಿ

ಸಣ್ಣ ಸೌದೆ ಬೆಂಕಿಯಿಂದ ಶುರು ಮಾಡಿ. ಮೊದಲ ದಿನ ಬರೀ ಬೆಚ್ಚಗಾಗಲಿ. ಆರು ಮೀಟರ್ ಉದ್ದದ ಬಾಯ್ಲರ್ ತಣ್ಣಗಿನಿಂದ 200 ಡಿಗ್ರಿಗೆ ಬರುವಷ್ಟರಲ್ಲಿ 13 ಮಿ.ಮೀ. ಹತ್ತಿರ ಉದ್ದವಾಗುತ್ತದೆ. ಅದಕ್ಕೇ ಅದನ್ನ ಸ್ಮೋಕ್‌ಬಾಕ್ಸ್ ಕಡೆ ಮಾತ್ರ ಬಿಗಿದು, ಫೈರ್‌ಬಾಕ್ಸ್ ಕಡೆ ಜಾರಲು ಬಿಟ್ಟಿರುತ್ತಾರೆ. ಆ ಜಾರುವ ಜಾಗಕ್ಕೆ ಗ್ರೀಸ್ ಹಚ್ಚಿ, ಫ್ರೇಮಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಡಿ. ಬಿಸಿಯಾದಂತೆ ಬಾಯ್ಲರ್ ಆ ಗೆರೆಯಿಂದ ಸರಿಯಬೇಕು. ಸರಿಯದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ, ಬೆಂಕಿ ತೆಗೆಯಿರಿ.

ಒತ್ತಡ ಏರಿದ ಮೇಲೆ, ಬಾಯ್ಲರಿಗೆ ನೀರು ನುಗ್ಗಿಸುವ ಎರಡೂ ಇಂಜೆಕ್ಟರುಗಳು ನೀರು ಎಳೆಯುತ್ತವೆಯೇ ನೋಡಿ. ಸೇಫ್ಟಿ ವಾಲ್ವುಗಳನ್ನ ಇನ್‌ಸ್ಪೆಕ್ಟರ್ ಎದುರೇ ಹೊಂದಿಸಿ. ಬೆಂಕಿ ಪೂರ್ತಿ ಜೋರಿದ್ದಾಗಲೂ ವಾಲ್ವುಗಳು ಒತ್ತಡವನ್ನ ಮಿತಿಯೊಳಗೆ ಹಿಡಿಯಬೇಕು.

ಇನ್ನು ನೀರು. ಫ್ರಾನ್ಸಿನ ರೈಲ್ವೆಯಲ್ಲಿ ಲೂಯಿ ಆರ್ಮಾಂ ಅನ್ನುವ ಎಂಜಿನಿಯರ್ ನೀರಿಗೆ ಔಷಧಿ ಹಾಕಿ ಬಾಯ್ಲರುಗಳ ಆಯುಷ್ಯ ಹೆಚ್ಚಿಸುವ ಕ್ರಮ ತಂದರು. ಮೂಲ ಮಾತು ಸರಳ: ನೀರು ಕ್ಷಾರವಾಗಿರಲಿ, ಪಿಎಚ್ 11ರ ಆಸುಪಾಸು. ಸುಣ್ಣ ಪ್ಲೇಟಿಗೆ ಅಂಟದೆ ಮೆದು ಕೆಸರಾಗಿ ತಳಕ್ಕೆ ಇಳಿಯುತ್ತದೆ, ತಳದ ನೀರನ್ನ ಒತ್ತಡದಲ್ಲೇ ಹೊರಬಿಡುವ ಬ್ಲೋಡೌನಿನಲ್ಲಿ ಹೊರಹೋಗುತ್ತದೆ. ಎಂಜಿನ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೂರ್ತಿ ಒಣಗಿಸಿ ಸಿಲಿಕಾ ಜೆಲ್ ಇಟ್ಟು ಮುಚ್ಚಿ, ಇಲ್ಲವೇ ಔಷಧಿ ನೀರು ಕುತ್ತಿಗೆವರೆಗೂ ತುಂಬಿ. ಅರ್ಧ ನೀರಿನಲ್ಲಿ ಬಿಟ್ಟರೆ ನೀರಿನ ಗೆರೆಯುದ್ದಕ್ಕೂ ಗುಳಿ ಬೀಳುತ್ತದೆ.

ಮೂರು ನಾಲ್ಕು ದಿನ ಓಡಿಸಿದ ಮೇಲೆ ತಣ್ಣಗಾಗಿಸಿ, ಪ್ಲಗ್ಗುಗಳನ್ನ ಮತ್ತೆ ಬಿಚ್ಚಿ ತೊಳೆಯಿರಿ. ಕೊರೆದ ಚೂರು, ಹಳೆಯ ಚಕ್ಕೆ ಎಲ್ಲ ಈಗ ಬರುತ್ತದೆ. ಆ ಮೊದಲ ನೀರನ್ನ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು, ದಿನಾಂಕ ಬರೆದು ಷೆಡ್ಡಿನ ಕಿಟಕಿಯಲ್ಲಿಡಿ. ಮುಂದಿನ ವಾಶೌಟಿಗೆ ಅದರ ಪಕ್ಕದಲ್ಲಿ ಇನ್ನೊಂದು ಬಾಟಲಿ.